ಮಳೆಗಾಲದಲ್ಲೇ ಆಗುಂಬೆಗೆ ಹೋಗಿ: ಮುಂಬಯಿ, ಪುಣೆ, ಗೋವಾದಲ್ಲಿರುವ ನಮ್ಮವರಿಗೆ

ಮುಂಬಯಿಯಲ್ಲಿರುವ ನಮ್ಮ ಕನ್ನಡದವರಲ್ಲಿ ಮಲೆನಾಡಿನ ಮಳೆ ನೋಡುವ ಆಸೆ ಇಲ್ಲದವರು ಕಡಿಮೆ. ಆದರೆ ಹೊರಡುವ ಮಾತು ಬಂದಾಗ "ಮಳೆ ನಿಲ್ಲಲಿ, ಅಕ್ಟೋಬರ್‌ನಲ್ಲಿ ನೋಡೋಣ" ಅಂತಾರೆ. ಮಳೆ ನೋಡಬೇಕು ಅಂದರೆ ಮಳೆ ಬರುವಾಗಲೇ ಹೋಗಬೇಕು, ಅಲ್ವಾ? ನಾನು ಹೇಳೋದು ಇಷ್ಟೇ: ಹೋಗಿ, ಆದರೆ ಲೋನಾವಳಾಕ್ಕೆ ಹೋದ ಹಾಗೆ ಹೋಗಬೇಡಿ. ಬೆಳಿಗ್ಗೆ ಹೊರಟು, ಜಲಪಾತಕ್ಕೆ ಇಳಿದು, ಸುಟ್ಟ ಜೋಳ ತಿಂದು, ರಾತ್ರಿ ಮನೆ ಸೇರುವ ಲೆಕ್ಕಾಚಾರ ಆಗುಂಬೆಗೆ ಒಗ್ಗೋದಿಲ್ಲ. ಒಂದೇ ಊರು ಹಿಡಿಯಿರಿ. ಒಂದೇ ಮನೆಯಲ್ಲಿ ನಾಲ್ಕು ರಾತ್ರಿ ಇರಿ. ದಿನಾ ಎಲ್ಲಿಗೆ ಹೋಗೋದು ಅನ್ನೋದನ್ನು ಆಯಾ ದಿನದ ಮಳೆ ನೋಡಿ ಬೆಳಿಗ್ಗೆ ತೀರ್ಮಾನಿಸಿ. ಇದೊಂದು ಒಪ್ಪಿಕೊಂಡರೆ ಉಳಿದದ್ದೆಲ್ಲ ಸುಲಭ.

ಮುಂಬಯಿ ಮಳೆ ಕಂಡವರಿಗೆ ಅಲ್ಲಿ ಹೊಸದೇನಿದೆ ಅಂತ ಕೆಲವರು ಕೇಳ್ತಾರೆ. ನಿಜ, 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಮಳೆ ಬಿದ್ದ ಊರು ನಮ್ಮದು. ಆದರೆ ಇಲ್ಲಿ ವರ್ಷಕ್ಕೆ ಬೀಳೋದು 2,300 ಮಿ.ಮೀ. ಆಸುಪಾಸು. ಆಗುಂಬೆಯ ಸರಾಸರಿ 7,000 ಮಿ.ಮೀ. ದಾಟುತ್ತದೆ. ಊರು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ, ಘಟ್ಟದ ಅಂಚಿಗೇ ಕೂತಿದೆ. ಅರಬ್ಬಿ ಸಮುದ್ರದಿಂದ ಬರುವ ಒದ್ದೆ ಗಾಳಿಗೆ ಕರಾವಳಿ ದಾಟಿದ ಕೂಡಲೇ ಈ ಘಟ್ಟದ ಗೋಡೆ ಎದುರಾಗುತ್ತದೆ. ಗಾಳಿ ಮೇಲೇರಬೇಕು, ಏರಿದ ಹಾಗೆ ತಣ್ಣಗಾಗಬೇಕು, ತಣ್ಣಗಾದರೆ ಹೊತ್ತು ತಂದ ನೀರನ್ನು ಅಲ್ಲೇ ಸುರಿಯಬೇಕು. ಅದೇ ಮೋಡ ಪೂರ್ವಕ್ಕೆ ಶಿವಮೊಗ್ಗ ಪೇಟೆ ಮುಟ್ಟುವಷ್ಟರಲ್ಲಿ ಬರಿದಾಗಿರುತ್ತದೆ. ಅಲ್ಲಿ ವರ್ಷಕ್ಕೆ ಬೀಳೋದು ಸಾವಿರ ಮಿ.ಮೀ. ಆಸುಪಾಸು ಅಷ್ಟೇ. ಈ ವ್ಯತ್ಯಾಸ ನೆನಪಿಡಿ, ಆಮೇಲೆ ಕೆಲಸಕ್ಕೆ ಬರುತ್ತದೆ.

ಯಾವಾಗ ಹೋಗಬೇಕು?

ಊರಿನವರನ್ನು ಕೇಳಿದರೆ ಅವರು ತಿಂಗಳು ಹೇಳೋದಿಲ್ಲ, ಮಳೆ ನಕ್ಷತ್ರ ಹೇಳ್ತಾರೆ. ಜೂನ್ ಎರಡನೇ ವಾರದ ಹೊತ್ತಿಗೆ ಮೃಗಶಿರಾ ಹಿಡಿಯುತ್ತದೆ. ಅದು ಕೆಲವು ವರ್ಷ ಬರುತ್ತದೆ, ಕೆಲವು ವರ್ಷ ಕೈಕೊಡುತ್ತದೆ. ಜೂನ್ 22ರ ಸುಮಾರಿಗೆ ಆರಿದ್ರಾ. ಆಮೇಲೆ ಜುಲೈ ಪೂರ್ತಿ ಪುನರ್ವಸು, ಪುಷ್ಯ. ಆಗಸ್ಟ್ ಮೊದಲ ವಾರ ಆಶ್ಲೇಷ. ಬಿಟ್ಟೂಬಿಡದೆ ಸುರಿಯುವ ಮಳೆ ಬೇಕು, ಮನೆ ಒಳಗೇ ಕೂತು ನೋಡೋಕೆ ತಯಾರಿದ್ದೀರಿ ಅಂದರೆ ಜುಲೈ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ, ಸ್ವಲ್ಪ ತಿರುಗಾಡಬೇಕು ಅಂತಿದ್ದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಹೋಗಿ. ಮಘೆ, ಹುಬ್ಬೆ ಮಳೆಯ ಹೊತ್ತಿಗೆ ನಡುನಡುವೆ ಬಿಸಿಲು ಇಣುಕುತ್ತದೆ, ಹಳ್ಳಗಳು ತುಂಬಿಯೇ ಇರುತ್ತವೆ, ನಾಟಿ ಮುಗಿದ ಗದ್ದೆ ಹಸಿರಾಗಿರುತ್ತದೆ. ನನ್ನನ್ನು ಕೇಳಿದರೆ ಮೊದಲ ಸಲಕ್ಕೆ ಇದೇ ಸರಿ. ಗಣೇಶ ಚತುರ್ಥಿಯ ಆಸುಪಾಸು ಮಾತ್ರ ರೈಲಿನಲ್ಲಿ ಜಾಗ ಸಿಗೋದು ಕಷ್ಟ. ಕೊಂಕಣದ ಜನ ಅಷ್ಟೂ ಆಗಲೇ ಊರಿಗೆ ಹೊರಡ್ತಾರೆ.

ಹೋಗುವ ದಾರಿ

ಮುಂಬಯಿಯಿಂದ ಕೊಂಕಣ ರೈಲೇ ಒಳ್ಳೆಯದು. ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಮತ್ಸ್ಯಗಂಧ ಮಧ್ಯಾಹ್ನ ಹೊರಡುತ್ತದೆ. ಠಾಣೆ, ಪನ್ವೇಲ್‌ನಲ್ಲೂ ಹತ್ತಬಹುದು. ಮರುದಿನ ಬೆಳಿಗ್ಗೆ ಉಡುಪಿ. ಮಳೆಗಾಲಕ್ಕೆ ಕೊಂಕಣ ರೈಲ್ವೆ ಬೇರೆ ವೇಳಾಪಟ್ಟಿ ಮಾಡುತ್ತದೆ, ಗುಡ್ಡ ಕುಸಿಯುವ ಭಯಕ್ಕೆ ರೈಲಿನ ವೇಗ ಇಳಿಸ್ತಾರೆ. ಜೂನ್ ಮಧ್ಯದಿಂದ ಅಕ್ಟೋಬರ್‌ವರೆಗೂ ಹಳೆಯ ಸಮಯ ನೆಚ್ಚಿಕೊಂಡು ಸ್ಟೇಷನ್‌ಗೆ ಹೋಗಬೇಡಿ, ಹೊಸ ಸಮಯ ನೋಡಿಕೊಳ್ಳಿ. ಟಿಕೆಟ್ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ತೆರೆದ ದಿನವೇ ತೆಗೆದಿಡಿ.

ಉಡುಪಿ ಸ್ಟೇಷನ್ ಇರೋದು ಇಂದ್ರಾಳಿಯಲ್ಲಿ. ಅಲ್ಲಿಂದ ರಿಕ್ಷಾ ಹಿಡಿದು ಬಸ್ ಸ್ಟ್ಯಾಂಡಿಗೆ ಬನ್ನಿ. ಮೊದಲು ಹೊಟ್ಟೆ ತುಂಬಾ ತಿಂಡಿ ತಿನ್ನಿ, ಆಮೇಲೆ ಬಸ್. ಮಣಿಪಾಲ, ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಗೆ 55 ಕಿ.ಮೀ. ಚಿಲ್ಲರೆ. ಘಟ್ಟದ ತಿರುವುಗಳು ಇಕ್ಕಟ್ಟಾದ್ದರಿಂದ ಇಲ್ಲಿ ಓಡೋದು ಸಣ್ಣ ಬಸ್ಸುಗಳು. ಸೋಮೇಶ್ವರದವರೆಗೆ ಕರಾವಳಿಯ ಸೆಕೆ ಮೈಗೆ ಅಂಟಿಕೊಂಡೇ ಇರುತ್ತದೆ. ಅಲ್ಲಿಂದ 14 ತಿರುವು. ಅರ್ಧ ಏರುವಷ್ಟರಲ್ಲಿ ಕಿಟಕಿಯ ಗಾಜು ಮಂಜಾಗಿ ಕಂಡಕ್ಟರ್ ಬಟ್ಟೆಯಿಂದ ಒರೆಸೋಕೆ ಶುರು ಮಾಡ್ತಾರೆ. ವಾಂತಿ ಆಗುವವರು ಹೆಬ್ರಿಗೆ ಮುಂಚೆಯೇ ಮಾತ್ರೆ ನುಂಗಿ, ಮುಂದಿನ ಸೀಟಿನಲ್ಲಿ ಕೂರಿ.

ಹೆಣ್ಣುಮಕ್ಕಳಿಗೆ ಒಂದು ಮಾತು. ಕರ್ನಾಟಕದ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇರೋದು ಕರ್ನಾಟಕದ ವಿಳಾಸ ಇರುವವರಿಗೆ. ಆಧಾರ್‌ನಲ್ಲಿ ಡೊಂಬಿವಲಿ ಅಂತಲೋ ಪಿಂಪ್ರಿ ಅಂತಲೋ ಇದ್ದರೆ ಟಿಕೆಟ್ ತೆಗೆದುಕೊಳ್ಳಬೇಕು. ಕನ್ನಡ ಮಾತಾಡಿದ ಮಾತ್ರಕ್ಕೆ ಬಿಡೋದಿಲ್ಲ, ಕಂಡಕ್ಟರ್ ಜೊತೆ ವಾದ ಬೇಡ.

ಪುಣೆಯವರಿಗೆ ಪೂರ್ವದ ದಾರಿಯೇ ಹತ್ತಿರ. ಮೀರಜ್, ಬೆಳಗಾವಿ ಮೇಲೆ ಹುಬ್ಬಳ್ಳಿಗೆ ರೈಲೋ ಬಸ್ಸೋ ಹಿಡಿಯಿರಿ. ಹುಬ್ಬಳ್ಳಿಯಿಂದ ಶಿವಮೊಗ್ಗ, ಶಿವಮೊಗ್ಗದಿಂದ ತೀರ್ಥಹಳ್ಳಿ, ಅಲ್ಲಿಂದ ಆಗುಂಬೆಗೆ 30 ಕಿ.ಮೀ. ಆಸುಪಾಸು. ಈ ದಾರಿಯಲ್ಲಿ ಬಂದವರಿಗೆ ಎರಡು ಜಾಗ ಹೆಚ್ಚಿಗೆ ಸಿಗುತ್ತವೆ. ಶಿವಮೊಗ್ಗ ಬಿಟ್ಟ ಸ್ವಲ್ಪ ಹೊತ್ತಿಗೆ ಸಕ್ರೆಬೈಲಿನ ಆನೆ ಬಿಡಾರ ಬರುತ್ತದೆ, ಅಲ್ಲಿಗೆ ಬೆಳಿಗ್ಗೆಯೇ ಹೋಗಬೇಕು. ಇನ್ನೂ ಮುಂದೆ ಮಂಡಗದ್ದೆಯಲ್ಲಿ, ತುಂಗೆಯ ನಡುವಿನ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ರಸ್ತೆ ಪಕ್ಕದಲ್ಲೇ ಕಾಣುತ್ತದೆ.

ಗೋವಾದವರಿಗೆ ಇದು ಎಲ್ಲರಿಗಿಂತ ಸಲೀಸು. ವಾಸ್ಕೋ, ಜುವಾರಿನಗರದ ಕಡೆ ಇರುವವರು ಮಡಗಾಂವ್‌ನಲ್ಲಿ ರೈಲು ಹತ್ತಿದರೆ ನಾಲ್ಕೈದು ಗಂಟೆಯಲ್ಲಿ ಉಡುಪಿ. ಮೊದಲು ಜೋಗ ನೋಡಬೇಕು ಅಂತಿದ್ದರೆ ಹೊನ್ನಾವರದಲ್ಲಿ ಇಳಿದು ಗೇರುಸೊಪ್ಪೆ ಘಟ್ಟ ಹತ್ತಿ. ಶರಾವತಿ 253 ಮೀಟರ್ ಮೇಲಿಂದ ಬೀಳೋದು ಅಲ್ಲೇ. ಮಂಜು ಮುಸುಕಿದ್ದರೆ ಸದ್ದು ಮಾತ್ರ ಕೇಳುತ್ತದೆ. ಅರ್ಧ ಗಂಟೆ ಕಾಯಿರಿ, ಸಾಮಾನ್ಯವಾಗಿ ಒಂದು ಸಲವಾದರೂ ಸರಿದು ದಾರಿ ಬಿಡುತ್ತದೆ.

ಸ್ವಂತ ಕಾರಿನಲ್ಲಿ ಹೋಗುವವರು ಕತ್ತಲಾಗುವ ಮುಂಚೆ ಘಟ್ಟ ಹತ್ತಿ ಮುಗಿಸಬೇಕು. ಘಟ್ಟ ಹತ್ತಿ ಬರುವ ಗಾಡಿಗೆ ಮೊದಲು ದಾರಿ ಬಿಡೋದು ಘಟ್ಟದ ನಿಯಮ. ಮಂಜಿನಲ್ಲಿ ಲೈಟು ಡಿಮ್‌ನಲ್ಲಿರಲಿ, ಹೈಬೀಮ್ ಹಾಕಿದರೆ ಬೆಳಕೆಲ್ಲ ವಾಪಸ್ ಕಣ್ಣಿಗೇ ಹೊಡೆಯುತ್ತದೆ. ತಿರುವಿನಲ್ಲಿ ನಿಲ್ಲಿಸಿ ಫೋಟೋ ತೆಗೆಯೋದು ಬೇಡವೇ ಬೇಡ. ಭಾರೀ ಮಳೆಯಲ್ಲಿ ಘಟ್ಟದಲ್ಲಿ ದೊಡ್ಡ ವಾಹನಗಳನ್ನು, ಕೆಲವೊಮ್ಮೆ ಎಲ್ಲವನ್ನೂ ನಿಲ್ಲಿಸೋದುಂಟು. ಹೊರಡುವ ಹಿಂದಿನ ದಿನ ಇಳಿದುಕೊಳ್ಳುವ ಮನೆಯವರಿಗೇ ಫೋನ್ ಮಾಡಿ ಕೇಳಿ. ಗೂಗಲ್ ಮ್ಯಾಪ್‌ಗಿಂತ ಅವರಿಗೆ ಮೊದಲು ಗೊತ್ತಿರುತ್ತದೆ. ಆಗುಂಬೆ ಘಟ್ಟ ಮುಚ್ಚಿದ್ದರೆ ಕಾರ್ಕಳ, ಮಾಳ, ಕೆರೆಕಟ್ಟೆ ಮೇಲೆ ಶೃಂಗೇರಿಗೆ ಹೋಗುವ ದಾರಿ ಇದೆ. ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡಿನೊಳಗೆ ಹಾದುಹೋಗುತ್ತದೆ, ಹಾಗಾಗಿ ಆ ದಾರಿಯಲ್ಲೂ ಹಗಲಲ್ಲೇ ಹೋಗಿ.

ಮನೆ ಹುಡುಕುವಾಗ

ಆಗುಂಬೆ, ತೀರ್ಥಹಳ್ಳಿ, ಶೃಂಗೇರಿ, ಕೊಪ್ಪದ ಸುತ್ತ ಹೋಂಸ್ಟೇಗಳಿಗೆ ಕೊರತೆ ಇಲ್ಲ. ಈಜುಕೊಳದ ಫೋಟೋ ನೋಡಿ ಬುಕ್ ಮಾಡಬೇಡಿ, ಮಳೆಗಾಲದಲ್ಲಿ ಅದರಲ್ಲಿ ಇಳಿಯೋರು ಯಾರು? ಅಡಿಕೆ ತೋಟದವರ ಹಳೆಯ ಹಂಚಿನ ಮನೆ ಹುಡುಕಿ. ಆಮೇಲೆ ಫೋನ್ ಮಾಡಿ ಮಾತಾಡಿ. ಆ ಮಾತು ಹೆಚ್ಚು ಕಡಿಮೆ ಹೀಗೆ ನಡೆಯುತ್ತದೆ:

"ಅಕ್ಕಾ, ನಾವು ಮುಂಬಯಿಂದ ಬರ್ತಿದೀವಿ, ಐದು ಜನ. ಬಟ್ಟೆ ಒಣಗಿಸೋಕೆ ಏನಾದ್ರೂ ವ್ಯವಸ್ಥೆ ಇದೆಯಾ?"

"ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿದೀವಿ ಮಾರಾಯ್ರೆ. ರಾತ್ರಿ ಹಾಕಿದ್ರೆ ಬೆಳಿಗ್ಗೆ ಒಣಗಿರ್ತದೆ. ಹೊಗೆ ವಾಸನೆ ಬರ್ತದೆ, ಅಷ್ಟೇ."

"ಕರೆಂಟ್ ಹೋದ್ರೆ?"

"ಹೋದ್ರೆ ಏನು, ಹೋಗೇ ಇರ್ತದೆ. ಮರ ಬಿದ್ರೆ ಎರಡು ದಿನ ಬರಲ್ಲ. ಸೋಲಾರ್ ಲೈಟ್ ಇದೆ, ಬಿಸಿನೀರಿಗೆ ಹಂಡೆ ಇದೆ."

ಇಷ್ಟು ನೇರವಾಗಿ ಹೇಳುವ ಮನೆ ಸಿಕ್ಕಿದರೆ ಕಣ್ಣುಮುಚ್ಚಿ ಬುಕ್ ಮಾಡಿ. "ಏನೂ ತೊಂದರೆ ಇಲ್ಲ ಸರ್, ಎಲ್ಲಾ ಇದೆ" ಅನ್ನುವವರನ್ನು ಇನ್ನೆರಡು ಪ್ರಶ್ನೆ ಕೇಳಿ. ಬಸ್ ಇಳಿದ ಮೇಲೆ ಎಷ್ಟು ದೂರ, ಮನೆ ಬಾಗಿಲಿಗೆ ಗಾಡಿ ಬರುತ್ತದಾ, ನಡುವೆ ಹಳ್ಳ ದಾಟಬೇಕಾ, ಯಾವ ಸಿಮ್‌ಗೆ ನೆಟ್‌ವರ್ಕ್ ಸಿಗುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೆ ಫೋನ್‌ಪೇಯೂ ಇಲ್ಲ. ತೀರ್ಥಹಳ್ಳಿಯಲ್ಲೋ ಉಡುಪಿಯಲ್ಲೋ ನಗದು ತೆಗೆದುಕೊಂಡೇ ಮುಂದೆ ಹೋಗಿ.

ಇನ್ನೊಂದು ವಿಷಯ. ಮಳೆಗಾಲ ಈ ಮನೆಯವರಿಗೆ ಬಿಡುವಿನ ಕಾಲ ಅಲ್ಲ. ಗದ್ದೆ ನಾಟಿ ಒಂದು ಕಡೆ, ಅಡಿಕೆ ಇನ್ನೊಂದು ಕಡೆ. ಅಡಿಕೆಗೆ ಕೊಳೆ ರೋಗ ಬಾರದಿರಲಿ ಅಂತ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಒಂದೊಂದು ಗೊನೆಗೂ ಹೊಡೆಯಬೇಕು. ಮಳೆ ಎರಡು ಗಂಟೆ ಬಿಡುವು ಕೊಟ್ಟರೆ ಆ ಹೊತ್ತಿನಲ್ಲೇ ಕೆಲಸ ಮುಗಿಸಬೇಕು. ತಡವಾದರೆ ಕಾಯಿ ಉದುರುತ್ತದೆ, ವರ್ಷದ ದುಡಿಮೆ ಹೋಗುತ್ತದೆ. ಹಾಗಾಗಿ ಬಿಸಿಲು ಬಂದ ಗಳಿಗೆಯಲ್ಲಿ "ಗೌಡ್ರೇ, ನಮ್ಮನ್ನ ಜಲಪಾತಕ್ಕೆ ಕರ್ಕೊಂಡು ಹೋಗಿ" ಅಂತ ಒತ್ತಾಯ ಮಾಡಬೇಡಿ. ತೋಟಕ್ಕೆ ಬರಬಹುದಾ ಅಂತ ಕೇಳಿ. ಬಹಳ ಜನ ಸಂತೋಷದಿಂದ ಕರ್ಕೊಂಡು ಹೋಗ್ತಾರೆ.

ಚೀಲದಲ್ಲಿ ಏನಿರಲಿ

ಜೀನ್ಸ್ ಬೇಡ. ಒಮ್ಮೆ ಒದ್ದೆಯಾದರೆ ನೀವು ವಾಪಸ್ ಕುರ್ಲಾ ತಲುಪಿದರೂ ಒಣಗಿರೋದಿಲ್ಲ. ತೆಳುವಾದ, ಬೇಗ ಒಣಗುವ ಪ್ಯಾಂಟು, ರಾತ್ರಿಗೆ ಒಂದು ಸ್ವೆಟರ್, ಒಳಉಡುಪು ಜಾಸ್ತಿ. ಗಾಳಿ ಜೋರಿರುವಾಗ ಮಡಚುವ ಛತ್ರಿ ತಿರುವುಮುರುವಾಗುತ್ತದೆ, ಉದ್ದ ಕಡ್ಡಿಯ ಕಪ್ಪು ಛತ್ರಿಯನ್ನು ಅಲ್ಲೇ ತೀರ್ಥಹಳ್ಳಿ ಪೇಟೆಯಲ್ಲಿ ಕೊಳ್ಳಿ. ಬೂಟಿಗಿಂತ ಹಿಂದೆ ಪಟ್ಟಿ ಇರುವ, ಅಡಿಯಲ್ಲಿ ಹಿಡಿತ ಇರುವ ಪ್ಲಾಸ್ಟಿಕ್ ಚಪ್ಪಲಿ ಮೇಲು. ಕಾಲು ಹೇಗೂ ಒದ್ದೆಯಾಗುತ್ತದೆ, ಚಪ್ಪಲಿಯಾದರೆ ಬೇಗ ಒಣಗುತ್ತದೆ. ಟಾರ್ಚ್, ಪವರ್ ಬ್ಯಾಂಕ್, ನೀವು ದಿನಾ ತಗೊಳ್ಳುವ ಮಾತ್ರೆ, ಎಲ್ಲವನ್ನೂ ಒಂದು ಗಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ. ಕಾಲಲ್ಲಿ ಗಾಯ ಇದ್ದರೆ ಗದ್ದೆ ನೀರಿಗೆ ಇಳಿಯಬೇಡಿ. ಇಲಿ ಜ್ವರದ ಭಯ ಮುಂಬಯಿಯ ನಿಂತ ನೀರಿನಲ್ಲಿ ಎಷ್ಟಿದೆಯೋ ಇಲ್ಲೂ ಅಷ್ಟೇ ಇದೆ. ವಾಪಸ್ ಬಂದ ಮೇಲೆ ಜ್ವರ ಬಂದರೆ ಡಾಕ್ಟರಿಗೆ ಎಲ್ಲಿ ಹೋಗಿದ್ದಿರಿ ಅಂತ ಮೊದಲು ಹೇಳಿ. ಮಂಗನ ಕಾಯಿಲೆ ಬಗ್ಗೆ ಬಹಳ ಜನ ಕೇಳ್ತಾರೆ. ಅದನ್ನು ಮೊದಲು ಗುರುತಿಸಿದ್ದೇ ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಉಣುಗಿನಿಂದ ಹರಡುವ ಅದರ ಕಾಟ ಡಿಸೆಂಬರಿನಿಂದ ಬೇಸಿಗೆಯವರೆಗೆ ಹೆಚ್ಚು, ಜೋರು ಮಳೆ ಹಿಡಿದ ಮೇಲೆ ಕಡಿಮೆ.

ಇನ್ನು ಉಂಬಳ, ಅಂದರೆ ನೆಲದ ಮೇಲಿನ ಜಿಗಣೆ. ಕೆಲವರು ಇಂಬಳ ಅಂತಾರೆ. ಎಲ್ಲರೂ ಹೆದರೋದು ಇದಕ್ಕೇ, ಹೆದರಬೇಕಾಗಿಲ್ಲದ್ದೂ ಇದಕ್ಕೇ. ಒಮ್ಮೆ ನಿಂತು ಸರಿಯಾಗಿ ನೋಡಿ. ತರಗೆಲೆಯ ಅಂಚಿನಲ್ಲಿ ಹಿಂಬದಿ ಊರಿ, ಬೆಂಕಿಕಡ್ಡಿಗಿಂತ ತೆಳ್ಳಗಿನ ಮೈಯನ್ನು ಗಾಳಿಗೆ ಎತ್ತಿ, ಆ ಕಡೆ ಈ ಕಡೆ ತೂಗಾಡುತ್ತಾ ನಿಂತಿರುತ್ತದೆ. ನೀವು ಹೆಜ್ಜೆ ಇಟ್ಟ ಕೂಡಲೇ ನಿಮ್ಮ ಕಡೆಗೇ ತಿರುಗುತ್ತದೆ. ಬಾಯಿ ಊರಿ, ಹಿಂಬದಿ ಎಳೆದು, ಕಮಾನಿನ ಹಾಗೆ ಬಾಗಿ ಬಾಗಿ ಚಪ್ಪಲಿ ಏರಿ ಬೆರಳ ಸಂದಿ ಹುಡುಕುತ್ತದೆ. ಕಚ್ಚಿದ್ದು ಗೊತ್ತಾಗೋದಿಲ್ಲ. ಹೊಟ್ಟೆ ತುಂಬಿದ ಮೇಲೆ ದ್ರಾಕ್ಷಿಯಷ್ಟು ದಪ್ಪಗಾಗಿ ತಾನೇ ಉದುರುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಇದೆ, ಅದಕ್ಕೇ ಸಣ್ಣ ಗಾಯದಿಂದಲೂ ತುಂಬಾ ಹೊತ್ತು ರಕ್ತ ಬರುತ್ತಿರುತ್ತದೆ. ಎಳೆದು ಕೀಳಬೇಡಿ. ಉಗುರನ್ನು ಚರ್ಮಕ್ಕೆ ಒತ್ತಿ ಬಾಯಿಯ ಪಕ್ಕದಿಂದ ಮೆಲ್ಲಗೆ ಜಾರಿಸಿ ಬಿಡಿಸಿ, ಸೋಪು ನೀರಲ್ಲಿ ತೊಳೆದು, ಬಟ್ಟೆ ಒತ್ತಿ ಹಿಡಿಯಿರಿ. ಊರಿನವರು ಸುಣ್ಣ, ಉಪ್ಪು, ಹೊಗೆಸೊಪ್ಪಿನ ಪುಡಿ ಕಾಲಿಗೆ ಹಚ್ಚಿಕೊಂಡು ಹೋಗ್ತಾರೆ, ಅದೂ ನಡೆಯುತ್ತದೆ, ಮಳೆಗೆ ತೊಳೆದು ಹೋಗುವವರೆಗೆ. ಮೊಣಕಾಲವರೆಗೆ ಬರುವ ಉಂಬಳದ ಕಾಲುಚೀಲ ಸಿಕ್ಕಿದರೆ ಒಳ್ಳೆಯದು. ಮಕ್ಕಳಿಗೆ ಮೊದಲೇ ಹೇಳಿಟ್ಟರೆ ಅವರು ಕಿರುಚೋದಿಲ್ಲ, ಎಣಿಸೋಕೆ ಕೂರ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವ ಹಿರಿಯರು ಮಾತ್ರ ಹುಲ್ಲು, ತರಗೆಲೆ ಇರುವ ಕಡೆ ಇಳಿಯದೆ ಟಾರು ರಸ್ತೆಯಲ್ಲೇ ನಡೆಯಲಿ.

ಹಾವಿನ ವಿಷಯಕ್ಕೂ ಎಚ್ಚರ ಸಾಕು, ಗಾಬರಿ ಬೇಡ. ಆಗುಂಬೆ ಕಾಳಿಂಗ ಸರ್ಪಕ್ಕೆ ಹೆಸರಾದ ಊರು. ಹಾವುಗಳ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದ್ದೂ ಅದಕ್ಕೇ. ಮಳೆಗಾಲದಲ್ಲಿ ನಿಮಗೆ ಕಾಳಿಂಗಕ್ಕಿಂತ ಎದುರಾಗೋ ಸಾಧ್ಯತೆ ಹೆಚ್ಚಿರೋದು ಗುಳಿ ಮಂಡಲ ಅನ್ನುವ ವಿಷದ ಹಾವು. ಪೊದೆಯ ಎಲೆ ಬಣ್ಣಕ್ಕೇ ಹೊಂದಿಕೊಂಡು ಅಲ್ಲಾಡದೆ ಕೂತಿರುತ್ತದೆ. ದಾರಿ ಬದಿಯ ಕೊಂಬೆ ಹಿಡಿಯುವ ಮುಂಚೆ ನೋಡಿ, ರಾತ್ರಿ ಟಾರ್ಚ್ ಇಲ್ಲದೆ ಅಂಗಳಕ್ಕೂ ಇಳಿಯಬೇಡಿ.

ಎಲ್ಲಿಗೆ ಹೋಗೋದು, ಎಲ್ಲಿಗೆ ಬೇಡ

ಇಂಟರ್ನೆಟ್ಟಿನ ಪಟ್ಟಿಗಳಲ್ಲಿ ಮೊದಲು ಬರೋದು ಸೂರ್ಯಾಸ್ತ ನೋಡುವ ಜಾಗ. ಜುಲೈನಲ್ಲಿ ಅಲ್ಲಿ ಸೂರ್ಯನೂ ಇಲ್ಲ, ಕರಾವಳಿಯೂ ಇಲ್ಲ, ಬರೀ ಬಿಳಿ ಮೋಡ. ಬರ್ಕಣ, ಒನಕೆ ಅಬ್ಬಿ ಜಲಪಾತಗಳ ಕಡೆ ಮಳೆಗಾಲದಲ್ಲಿ ಕಾಡಿನೊಳಗೆ ನಡೆದು ಹೋಗೋದು ಬೇಡ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಯಾವ ಚಾರಣವೂ ಬೇಡ. ಚಾರಣ ತೆರೆದಿದೆಯಾ ಅಂತ ಇಲಾಖೆಯ ಅರಣ್ಯ ವಿಹಾರ ವೆಬ್‌ಸೈಟ್‌ನಲ್ಲೇ ನೋಡಿ, ಬುಕಿಂಗ್ ಕೂಡ ಅಲ್ಲೇ. "ನನಗೆ ಒಳದಾರಿ ಗೊತ್ತು" ಅನ್ನುವವರ ಹಿಂದೆ ಹೋಗಬೇಡಿ.

ನೀರಿನ ವಿಷಯದಲ್ಲಿ ನಾನು ಯಾರ ಮಾತೂ ಕೇಳೋದಿಲ್ಲ, ನೀವೂ ಕೇಳಬೇಡಿ. 2023ರ ಜುಲೈನಲ್ಲಿ ಕೊಲ್ಲೂರಿನ ಹತ್ತಿರದ ಅರಶಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತ ಯುವಕನೊಬ್ಬ, ಗೆಳೆಯ ವಿಡಿಯೋ ಮಾಡುತ್ತಿರುವಾಗಲೇ ಜಾರಿ ಹೋದ. ದೇಹ ಸಿಕ್ಕಿದ್ದು ಸುಮಾರು ಒಂದು ವಾರದ ಮೇಲೆ. 2024ರ ಜೂನ್ 30ರಂದು ಲೋನಾವಳಾದ ಭೂಶಿ ಅಣೆಕಟ್ಟಿನ ಹತ್ತಿರ ಒಂದೇ ಕುಟುಂಬದ ಐದು ಜನ ಕೊಚ್ಚಿಹೋದರು, ನಾವೆಲ್ಲ ಆ ವಿಡಿಯೋ ನೋಡಿದ್ದೇವೆ. ಒಂದು ಕಡೆ ಜಾರುವ ಬಂಡೆ, ಇನ್ನೊಂದು ಕಡೆ ಏಕಾಏಕಿ ಏರಿದ ನೀರು. ನೀವು ನಿಂತ ಕಡೆ ಮಳೆ ಇಲ್ಲದಿದ್ದರೂ ಮೇಲೆ ಗುಡ್ಡದಲ್ಲಿ ಸುರಿದ ನೀರು ನಿಮಿಷದಲ್ಲಿ ಬಂದುಬಿಡುತ್ತದೆ. ನೀರು ಕೆಂಪಾಯಿತು, ಕಸ ಕಡ್ಡಿ ತೇಲಿ ಬಂತು, ಸದ್ದು ಬದಲಾಯಿತು ಅಂದರೆ ಅದು ಬಂದಾಯಿತು ಅಂತಲೇ ಅರ್ಥ. ಮಳೆಗಾಲದಲ್ಲಿ ಬಂಡೆಯ ಮೇಲೆ ಹಾವಸೆ ಬೆಳೆದಿರುತ್ತದೆ, ಯಾವ ಬೂಟೂ ನಿಲ್ಲೋದಿಲ್ಲ. ಜಲಪಾತ ದೂರದಿಂದ ನೋಡಿ. ಶೃಂಗೇರಿ ಕಡೆಯ ಸಿರಿಮನೆಗೆ ಮೆಟ್ಟಿಲಿದೆ, ಅಲ್ಲಿಗೆ ಹೋಗಿ, ಮೆಟ್ಟಿಲ ಮೇಲೇ ನಿಂತು ನೋಡಿ, ಸಾಕು.

ಹಾಗಾದರೆ ಮಾಡೋದೇನು? ಒಂದು ದಿನ ತೀರ್ಥಹಳ್ಳಿಯ ಕಮಾನು ಸೇತುವೆಯ ಮೇಲೆ ನಿಂತು ತುಂಗೆಯನ್ನು ನೋಡಿ. ಹೊಳೆ ಎಷ್ಟು ಬಂದಿದೆ ಅಂತ ಇಲ್ಲಿನವರು ಮೀಟರ್ ಲೆಕ್ಕದಲ್ಲಿ ಹೇಳೋದಿಲ್ಲ, "ರಾಮ ಮಂಟಪ ಮುಳುಗಿತಾ?" ಅಂತ ಕೇಳ್ತಾರೆ. ಶೃಂಗೇರಿಯಲ್ಲಿ ಅದೇ ಪ್ರಶ್ನೆ ಹೊಳೆ ದಡದ ಕಪ್ಪೆ ಶಂಕರ ಗುಡಿಯ ಬಗ್ಗೆ. ಶೃಂಗೇರಿಗೆ ಹೋದ ದಿನ ವಿದ್ಯಾಶಂಕರ ದೇವಸ್ಥಾನದ ಒಳಗೆ ರಾಶಿಗಳನ್ನು ಕೆತ್ತಿದ ಹನ್ನೆರಡು ಕಂಬಗಳಲ್ಲಿ ನಿಮ್ಮ ರಾಶಿಯದ್ದು ಯಾವುದು ಹುಡುಕಿ. ಅಲ್ಲಿಂದ ಹತ್ತು ಕಿ.ಮೀ. ಒಳಗೆ ಕಿಗ್ಗ. ಮಳೆ ಬಾರದಿದ್ದಾಗ ಬರಲಿ ಅಂತ, ಅತಿಯಾದಾಗ ನಿಲ್ಲಲಿ ಅಂತ ಜನ ಬೇಡಿಕೊಳ್ಳುವ ಋಷ್ಯಶೃಂಗ ಇರೋದು ಅಲ್ಲೇ. ಮಳೆ ಸ್ವಲ್ಪ ಕಡಿಮೆಯಾದ ದಿನ ಕುಪ್ಪಳಿಗೆ ಹೋಗಿ. ಕುವೆಂಪು ಅವರ ಮೂರು ಅಂತಸ್ತಿನ ಕವಿಮನೆ ನೋಡಿ, ಅವರ ಸಮಾಧಿ ಇರುವ ಕವಿಶೈಲಕ್ಕೆ ಹತ್ತಿ, ಅಲ್ಲಿ ಗಟ್ಟಿಯಾಗಿ ಮಾತಾಡಬೇಡಿ. ಮೋಡ ತೆರೆದಿದ್ದರೆ ಮಾತ್ರ ಕುಂದಾದ್ರಿ ಬೆಟ್ಟ. ಮೇಲೆ ಪಾರ್ಶ್ವನಾಥ ಬಸದಿಯ ಹತ್ತಿರದವರೆಗೂ ರಸ್ತೆ ಇದೆ, ತುಂಬಾ ಕಡಿದು, ಹೊಸಬರು ಸ್ಟಿಯರಿಂಗ್ ಹಿಡಿಯೋದು ಬೇಡ.

ಆಗುಂಬೆಯಲ್ಲಿ ಆಕಾಶ ತೂತು ಬಿದ್ದ ಹಾಗೆ ಸುರಿಯುತ್ತಿದ್ದು ಮಕ್ಕಳು ಬೇಸರ ಮಾಡಿಕೊಂಡರೆ, ಆಗಲೇ ಹೇಳಿದ ವ್ಯತ್ಯಾಸ ನೆನಪು ಮಾಡಿಕೊಳ್ಳಿ. ಪೂರ್ವಕ್ಕೆ ಬಸ್ ಹತ್ತಿ. ತೀರ್ಥಹಳ್ಳಿ ದಾಟಿ ಮಂಡಗದ್ದೆ ಮುಟ್ಟುವಷ್ಟರಲ್ಲಿ ಎಷ್ಟೋ ದಿನ ಮಳೆ ತೆಳುವಾಗಿರುತ್ತದೆ.

ಉಳಿದ ಹೊತ್ತು ಮನೆಯಲ್ಲೇ ಇರಿ. ಅಡುಗೆಮನೆ ಕಡೆ ಹೋಗಿ ಮಾತಾಡಿ. ಈ ಕಾಲದ ಊಟ ಬೇರೆ ಯಾವ ಕಾಲದಲ್ಲೂ ಸಿಗೋದಿಲ್ಲ. ಪತ್ರೊಡೆ, ಹಲಸಿನ ಹಣ್ಣಿನ ಕಡುಬು, ಒಂದೆಲಗದ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ, ಮಧ್ಯಾಹ್ನಕ್ಕೆ ಕೆಂಡದ ಮೇಲೆ ಸುಟ್ಟ ಹಲಸಿನ ಹಪ್ಪಳ. ಮಾಂಸ ತಿನ್ನುವವರ ಮನೆಯಾದರೆ ಗದ್ದೆ ಏಡಿಯ ಸಾರು, ಕಡುಬು. ಕಳಲೆ ಪಲ್ಯ ಬೇಕಿದ್ದರೆ ಬಂದ ದಿನವೇ ಹೇಳಿಡಿ. ಎಳೆ ಬಿದಿರನ್ನು ಹೆಚ್ಚಿ, ದಿನಾ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಹಾಕಬೇಕು. ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ, ಆ ನೀರಿನ ಜೊತೆಗೇ ಅದು ಹೋಗೋದು. ನಾಲ್ಕು ರಾತ್ರಿ ಇರಿ ಅಂತ ನಾನು ಹೇಳೋದಕ್ಕೆ ಇದೂ ಒಂದು ಕಾರಣ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಮಕ್ಕಳು ಮನೆಯಲ್ಲಿ ಹಿಂದಿ, ಮರಾಠಿ ಬೆರೆಸಿ ಮಾತಾಡೋರು, ಇಲ್ಲಿ ಆ ಮನೆಯ ಅಜ್ಜಿ ಹತ್ತಿರ ಕೂತರೆ ಕನ್ನಡ ತಾನಾಗಿ ಬರುತ್ತದೆ. ಅಜ್ಜಿಗೆ ಬೇರೆ ಭಾಷೆ ಬರೋದಿಲ್ಲ, ಮಕ್ಕಳಿಗೆ ಹಪ್ಪಳ ಬೇಕು.

ವಾಪಸ್ ಬರುವ ಟಿಕೆಟ್

ವಾಪಸ್ ಬಂದ ಮರುದಿನವೇ ಆಫೀಸಿನಲ್ಲಿ ಮುಖ್ಯ ಕೆಲಸ ಇಟ್ಟುಕೊಳ್ಳಬೇಡಿ, ಒಂದು ದಿನ ಕೈಯಲ್ಲಿರಲಿ. 2024ರ ಜುಲೈನಲ್ಲಿ ಗೋವಾದ ಪೆಡ್ನೆ ಹತ್ತಿರದ ಸುರಂಗದಲ್ಲಿ ನೀರು ಉಕ್ಕಿ ಕೊಂಕಣ ರೈಲುಗಳು ನಿಂತವು. ಅದೇ ತಿಂಗಳ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ಎಷ್ಟೋ ದಿನ ಮುಚ್ಚಿತ್ತು. ಹೊರಡುವ ದಿನ ಬೆಳಿಗ್ಗೆ ರೈಲಿನ ಸ್ಥಿತಿ ನೋಡಿಕೊಂಡೇ ಘಟ್ಟ ಇಳಿಯಿರಿ. ಕರಾವಳಿಯ ದಾರಿ ಕೆಟ್ಟಿದ್ದರೆ ಇಳಿಯಲೇಬೇಡಿ, ತೀರ್ಥಹಳ್ಳಿ, ಶಿವಮೊಗ್ಗ, ಹುಬ್ಬಳ್ಳಿ ಮೇಲೆ ಬಸ್ಸಿನಲ್ಲಿ ಬನ್ನಿ. ದೂರ ಅನ್ನಿಸಿದರೂ ಮನೆ ಸೇರ್ತೀರಿ. ಒದ್ದೆ ಬಟ್ಟೆ ಬೇರೆ ಕವರಿಗೆ ಹಾಕಿ, ಚಪ್ಪಲಿಯನ್ನು ಮನೆಯವರ ಅಂಗಳದಲ್ಲೇ ಉಪ್ಪು ನೀರಲ್ಲಿ ತೊಳೆದು ಹೊರಡಿ. ಇಲ್ಲದಿದ್ದರೆ ಒಂದೆರಡು ಉಂಬಳ ರೈಲಿನ ಬೋಗಿಯವರೆಗೂ ಬರುತ್ತವೆ.